ತಾಳಿಕೊಂಡವರಿಗೆ ಸರ್ಟಿಫಿಕೇಟಿಲ್ಲ

ತಾಳಿದವನು ಬಾಳಿಯಾನು ಅಂತ ಗಾದೆ. ಈ ಗಾದೆಯನ್ನು ಕಟ್ಟಿದವರು ಯಾರೋ, ಆದರೆ ಅದನ್ನು ಯಾರಿಗೆ ಹೇಳ್ತಾ ಬಂದಿದಾರೆ ಅನ್ನೋದು ನಮಗೆಲ್ಲ ಗೊತ್ತು. ಜೀತದಾಳಿಗೆ ಗೌಡ ಹೇಳಿದ. ಕೂಲಿಯವನಿಗೆ ಕಂಟ್ರಾಕ್ಟರು ಹೇಳಿದ. ಸೊಸೆಗೆ ಅತ್ತೆ ಹೇಳಿದಳು. ತಾಳಬೇಕಾದವನು ಯಾವತ್ತೂ ಕೇರಿಯವನು, ಬಾಳಿದವನು ಯಾವತ್ತೂ ಊರಿನವನು. ಇದು ನಮ್ಮ ದೇಶದ ತಾಳ್ಮೆಯ ಚರಿತ್ರೆ.

ಚರ್ಚಿನಲ್ಲೂ ಇದೇ ಗಾದೆ ಬೇರೆ ಅಂಗಿ ತೊಟ್ಟುಕೊಂಡು ನಿಂತಿರುತ್ತದೆ. ಕಷ್ಟ ಬಂದಾಗ ವಿಶ್ವಾಸ ಬಿಡಬೇಡಿ, ನಿಮ್ಮ ಶಿಲುಬೆ ನೀವು ಹೊರಿ, ಪರಲೋಕದಲ್ಲಿ ಫಲ ಇದೆ ಅಂತ ಬೋಧನೆ ನಡೆಯುತ್ತದೆ. ಕೇಳುವ ಬೆಂಚಿನಲ್ಲಿ ಕೂತವರು ಯಾರು ನೋಡಿ. ಭದ್ರಾವತಿಯಲ್ಲಾದರೆ ಕಾರ್ಖಾನೆಯ ಗುತ್ತಿಗೆ ಕೆಲಸ ಹೋದವನು, ಶಿವಮೊಗ್ಗದಲ್ಲಾದರೆ ನಾಲ್ಕು ಮನೆ ಪಾತ್ರೆ ತಿಕ್ಕಿ ಮಗಳ ಕಾಲೇಜು ಫೀಜು ಕಟ್ಟುವ ತಾಯಿ. ಇವರು ಶಿಲುಬೆ ಹೊತ್ತೇ ಹುಟ್ಟಿದವರು. ಇವರಿಗೆ ಹೊರೋದನ್ನ ಯಾರೂ ಕಲಿಸಬೇಕಾಗಿಲ್ಲ. ಅದನ್ನು ಇವರ ಬೆನ್ನ ಮೇಲೆ ಹೊರಿಸಿದವರು ಯಾರು ಅಂತ ಹೇಳುವವರು ಬೇಕಾಗಿದೆ.

ನಾನು ಯೇಸುವಿನ ಪರ ವಕಾಲತ್ತು ಹಾಕೋಕೆ ಬಂದವನಲ್ಲ, ಯಾವ ದೇವರ ಪರವಾಗಿಯೂ ಅಲ್ಲ. ನನ್ನ ಮಾತು ಇಷ್ಟೇ. ಈ ದೇಶದಲ್ಲಿ ತನ್ನ ನಂಬಿಕೆಗೆ ಪ್ರತಿ ದಿನ ದುಡ್ಡು ತೆತ್ತು ಬದುಕುತ್ತಿರುವವನು ದಲಿತ ಕ್ರೈಸ್ತ. ಅವನ ತಾಳ್ಮೆಯನ್ನು ಚರ್ಚು ಹೊಗಳುತ್ತದೆ, ಸರ್ಕಾರ ದಂಡಿಸುತ್ತದೆ. ಚಳವಳಿಯ ನಾವು ಅದನ್ನು ನೋಡಿಯೂ ನೋಡದ ಹಾಗೆ ಇದ್ದೇವೆ. ಮೂವರ ಬಗ್ಗೆಯೂ ಮಾತಾಡಬೇಕಾಗಿದೆ.

ಮೊದಲು ಒಂದು ಹಳೇ ಬೈಗುಳವನ್ನು ತೆಗೆದು ಪಕ್ಕಕ್ಕಿಡೋಣ. ಹೊಲೆಮಾದಿಗರು ಕ್ರೈಸ್ತರಾದದ್ದು ಅನ್ನಕ್ಕೆ, ಗೋಧಿಗೆ, ಹಾಲಿನಪುಡಿಗೆ ಅಂತ ಸವರ್ಣೀಯ ಪಂಡಿತರು ಹೇಳ್ತಾರೆ. 1876ರಿಂದ 78ರ ದೊಡ್ಡ ಬರದಲ್ಲಿ ಮೈಸೂರು ಸೀಮೆಯಲ್ಲಿ ಜನ ಹುಳುಗಳಂತೆ ಸತ್ತಾಗ ಮಿಷನರಿಗಳು ಗಂಜಿ ಹಾಕಿದ್ದು, ಅನಾಥ ಮಕ್ಕಳನ್ನು ಸಾಕಿದ್ದು ನಿಜ. ಅದರಲ್ಲಿ ನಾಚಿಕೆ ಪಡಬೇಕಾದವರು ಗಂಜಿ ಕುಡಿದವರೋ, ಕಣಜದ ಬಾಗಿಲು ಹಾಕಿಕೊಂಡವರೋ? ಆಮೇಲೆ ಬಂದದ್ದು ಕಾರ್ಖಾನೆ. 1918ರಲ್ಲಿ ಶುರುವಾಗಿ 1923ರಲ್ಲಿ ಕಬ್ಬಿಣ ಹರಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ಬಂತು, ಮಲೆನಾಡಿನ ಕಾಡು ಸುಟ್ಟ ಇದ್ದಿಲು ಬಂತು, ಹೊರಗಿನ ಸೀಮೆಗಳಿಂದ ಕೈಗಳು ಬಂದವು. ತಮಿಳು ನಾಡಿನಿಂದ ಬಂದ ಕೂಲಿಗಳೂ ಅದರಲ್ಲಿ ಇದ್ದರು. ಜಪಮಾಲೆ ಕುತ್ತಿಗೆಗೆ ಹಾಕಿಕೊಂಡೇ ಬಂದವರು ಇದ್ದರು, ಇಲ್ಲಿಗೆ ಬಂದ ಮೇಲೆ ಹಾಕಿಕೊಂಡವರೂ ಇದ್ದರು. ಕುಲುಮೆ ಮುಂದೆ ನಿಂತವನಿಗೆ ಕುಲುಮೆ ಜಾತಿ ಕೇಳಲಿಲ್ಲ. ಜಾತಿ ಕೇಳಿದ್ದು ಬಾಡಿಗೆ ಮನೆ, ಕೊಳಾಯಿ ಕಟ್ಟೆ, ಮದುವೆ, ಮಸಣ.

ಅನ್ನಕ್ಕಾಗಿಯೇ ಹೋದವರು ಅಂತ ಇಟ್ಟುಕೊಳ್ಳೋಣ. ಆಗ ಒಂದು ಲೆಕ್ಕ ಹೇಳಬೇಕಾಗುತ್ತದೆ. 1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಆದೇಶ ಬಂತು. ಯಾವ ಯಾವ ಜಾತಿಗಳು ಪರಿಶಿಷ್ಟ ಜಾತಿ ಅಂತ ಪಟ್ಟಿ. ಅದರ ಮೂರನೇ ಕಲಮಿನಲ್ಲಿ, ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮ ಪಾಲಿಸುವವನು ಪರಿಶಿಷ್ಟ ಜಾತಿಯವನಲ್ಲ ಅಂತ ಬರೆದರು. ಅಂದರೆ ಅನ್ನದ ತಟ್ಟೆಯನ್ನು ಸರ್ಕಾರವೇ ಎತ್ತಿ ಆ ಕಡೆಗೆ ಇಟ್ಟಿತು. ಹಾಸ್ಟೆಲ್ ಸೀಟು ಆ ಕಡೆ, ಸ್ಕಾಲರ್‌ಶಿಪ್ಪು ಆ ಕಡೆ, ಸರ್ಕಾರಿ ನೌಕರಿ ಆ ಕಡೆ. ಹೊಟ್ಟೆಪಾಡಿಗಾಗಿ ಚರ್ಚಿಗೆ ಹೋದವರಾಗಿದ್ದರೆ ಮರುದಿನ ಬೆಳಿಗ್ಗೆಯೇ ಜಪಮಾಲೆ ತುಂಗಾ ನದಿಗೆ ಎಸೆದು ಇವರೆಲ್ಲ ವಾಪಸ್ ಬರಬೇಕಾಗಿತ್ತು. ಎಷ್ಟೋ ಜನ ಬರಲಿಲ್ಲ. ಮಕ್ಕಳ ಕಾಲಕ್ಕೂ ಬರಲಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಬರಲಿಲ್ಲ. ಎಪ್ಪತ್ತೈದು ವರ್ಷ ನಷ್ಟದ ವ್ಯಾಪಾರ ಮಾಡಿದವರನ್ನು ಆಮಿಷಕ್ಕೆ ಬಿದ್ದವರು ಅಂತ ಕರೀತೀರಲ್ಲ ಸ್ವಾಮಿ, ನಿಮ್ಮ ತಕ್ಕಡಿ ಎಂಥದು?

ಕಲಮು ಹೇಗೆ ಕೆಲಸ ಮಾಡುತ್ತದೆ ಅಂತ ಹಳ್ಳಿ ಮೇಷ್ಟರಿಗೂ ವಿದ್ಯಾರ್ಥಿಗಳಿಗೂ ಬಿಡಿಸಿ ಹೇಳಬೇಕು. ಒಂದೇ ಕೇರಿಯ ಅಣ್ಣ ತಮ್ಮ ಇಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದೇ ತಾಯಿ ಹಾಲು, ಒಂದೇ ಗುಡಿಸಲು. ಅಣ್ಣ ಮಾರಮ್ಮನಿಗೆ ಕೈ ಮುಗಿದ, ತಮ್ಮ ಮರಿಯಮ್ಮನಿಗೆ ಮೊಂಬತ್ತಿ ಹಚ್ಚಿದ. ಹೋಟೆಲಿನಲ್ಲಿ ಇಬ್ಬರಿಗೂ ಹೊರಗಿನ ಲೋಟ. ಗೌಡನ ಹೊಲದಲ್ಲಿ ಇಬ್ಬರಿಗೂ ಅದೇ ಬೈಗುಳ. ಆದರೆ ಬೈಸಿಕೊಂಡ ಅಣ್ಣ ಪೊಲೀಸ್ ಠಾಣೆಗೆ ಹೋದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ತಮ್ಮ ಹೋದರೆ ಇಲ್ಲ. ಅಣ್ಣ ಮೀಸಲು ಕ್ಷೇತ್ರದಲ್ಲಿ ಪಂಚಾಯಿತಿಗೆ ನಿಲ್ಲಬಹುದು, ತಮ್ಮ ನಿಲ್ಲುವ ಹಾಗಿಲ್ಲ. ಬೈದ ಗೌಡನಿಗೆ ಇಬ್ಬರ ನಡುವೆ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಸರ್ಕಾರಕ್ಕೆ ಮಾತ್ರ.

ಧರ್ಮ ಬಿಟ್ಟರೆ ಜಾತಿ ಹೋಗುತ್ತೆ, ಆದ್ದರಿಂದ ಸವಲತ್ತೂ ಹೋಗುತ್ತೆ ಅನ್ನೋದು ಸರ್ಕಾರದ ತರ್ಕ. ತರ್ಕವಾದರೆ ಎಲ್ಲರಿಗೂ ಒಂದೇ ಇರಬೇಕು. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಸಿಖ್ ಧರ್ಮದಲ್ಲಿ ಜಾತಿ ಇದೆಯೇ? ಗ್ರಂಥದಲ್ಲಿ ಇಲ್ಲ, ಊರಿನಲ್ಲಿ ಇದೆ ಅಂತ ಒಪ್ಪಿಕೊಂಡು ಸೇರಿಸಿದರು. ಸರಿಯಾಗೇ ಮಾಡಿದರು. 1990ರಲ್ಲಿ ಬೌದ್ಧರನ್ನು ಸೇರಿಸಿದರು. 1956ರ ಅಕ್ಟೋಬರಿನಲ್ಲಿ ಬಾಬಾಸಾಹೇಬರ ಜೊತೆ ನಾಗಪುರದಲ್ಲಿ ದೀಕ್ಷೆ ತೊಟ್ಟವರು ಮೂವತ್ತನಾಲ್ಕು ವರ್ಷ ಕಾದ ಮೇಲೆ ಸಿಕ್ಕಿದ ನ್ಯಾಯ ಅದು. ಅದೂ ಸರಿಯೇ. ಇನ್ನು ಪರಿಶಿಷ್ಟ ಪಂಗಡದವರು ಯಾವ ಧರ್ಮಕ್ಕೆ ಹೋದರೂ ಪಂಗಡ ಹೋಗುವುದಿಲ್ಲ. ಅದೂ ಸರಿಯೇ. ಹಾಗಾದರೆ ಊರಿನ ಜಾತಿ ಮಾಯವಾಗುವುದು ಯೇಸುವಿನ ನೀರು ಮತ್ತು ಅಲ್ಲಾನ ನಮಾಜು ತಾಗಿದಾಗ ಮಾತ್ರ ಏನು? ಅಂಥ ಪವಾಡದ ಶಕ್ತಿ ಜ್ಞಾನಸ್ನಾನಕ್ಕೆ ಇದ್ದಿದ್ದರೆ ನಾವೆಲ್ಲ ಯಾವತ್ತೋ ಹೋಗಿ ಮುಳುಗಿ ಏಳುತ್ತಿದ್ದೆವು.

ಮದರಾಸಿನಲ್ಲಿ ಸೂಸೈ ಅಂತ ಒಬ್ಬ ಚಮ್ಮಾರ. ರಸ್ತೆ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುವವನು. ಆದಿ ದ್ರಾವಿಡ, ಕ್ರೈಸ್ತನಾದವನು. 1982ರಲ್ಲಿ ಸರ್ಕಾರ ರಸ್ತೆ ಬದಿಯ ಚಮ್ಮಾರರಿಗೆ ಪುಕ್ಕಟೆ ಗೂಡಂಗಡಿ ಕೊಟ್ಟಿತು. ಪಕ್ಕದಲ್ಲಿ ಕೂತವನಿಗೆ ಸಿಕ್ಕಿತು, ಇವನಿಗೆ ಇಲ್ಲ. ಅದೇ ಉಳಿ, ಅದೇ ಚರ್ಮ, ಅದೇ ಬಿಸಿಲು. ಸುಪ್ರೀಂ ಕೋರ್ಟಿನವರೆಗೂ ಹೋದ. ಮತಾಂತರವಾದ ಮೇಲೂ ಜಾತಿಯ ಶಿಕ್ಷೆ ಅದೇ ಕ್ರೌರ್ಯದಲ್ಲಿ ಮುಂದುವರಿದಿದೆ ಅಂತ ತೋರಿಸುವ ಪುರಾವೆ ಸಾಲದು ಅಂತ 1985ರಲ್ಲಿ ತೀರ್ಪಾಯಿತು. ಪುರಾವೆ ಅವನ ಕೈಯಲ್ಲೇ ಇತ್ತು, ಹೊಲಿಗೆ ಬಿಚ್ಚಿದ ಚಪ್ಪಲಿಯ ರೂಪದಲ್ಲಿ. ಕ್ರೈಸ್ತನಾದ ಮೇಲೂ ಅವನು ಹೊಲಿಯುತ್ತಿದ್ದದ್ದು ಚಪ್ಪಲಿಯನ್ನೇ.

ನಮ್ಮ ಕರ್ನಾಟಕದಲ್ಲಿ ಸ್ವಲ್ಪ ಕರುಣೆ ತೋರಿಸಿದ್ದಾರೆ ಅಂತ ಕೆಲವರು ಹೇಳಬಹುದು. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಇಟ್ಟಿದ್ದಾರೆ. ಶೇಕಡ 4. ಅದನ್ನು ಅಲೆಮಾರಿಗಳೂ ಸೇರಿ ಹತ್ತಾರು ಬಡ ಜಾತಿಗಳು ಹಂಚಿಕೊಳ್ಳಬೇಕು. ಉಳಿದ ಕ್ರೈಸ್ತರು ಮೂರು ಬಿಯಲ್ಲಿ. ಇಲ್ಲೊಂದು ವಿಚಿತ್ರ ನೋಡಿ. ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತ ಅಂತ ಬೇರೆ ಹೆಸರಿಟ್ಟು ಬೇರೆ ಪ್ರವರ್ಗ ಕೊಟ್ಟಾಗ, ಚರ್ಚಿನೊಳಗೂ ಅವನ ಜಾತಿ ಅವನ ಬೆನ್ನು ಬಿಟ್ಟಿಲ್ಲ ಅಂತ ಸರ್ಕಾರ ತಾನೇ ಬರಹದಲ್ಲಿ ಒಪ್ಪಿಕೊಂಡ ಹಾಗಾಯಿತು. ಬೆಂಗಳೂರಿನ ಕಡತ ಒಪ್ಪಿಕೊಂಡದ್ದನ್ನು ದಿಲ್ಲಿಯ ಕಡತ ಒಪ್ಪುವುದಿಲ್ಲ.

ಇದಕ್ಕಿಂತ ಘೋರವಾದ್ದು ವಾಪಸ್ ಬರುವ ಬಾಗಿಲಿನ ಕಥೆ. ಕೋಲಾರದ ಚಿನ್ನದ ಗಣಿಯ ಮೀಸಲು ಕ್ಷೇತ್ರದಿಂದ ಎಸ್. ರಾಜಗೋಪಾಲ್ 1967ರಲ್ಲಿ ಗೆದ್ದರು. ಹಿಂದೆ ಕ್ರೈಸ್ತರಾಗಿದ್ದವರು ಅನ್ನೋ ಕಾರಣಕ್ಕೆ ಆ ಗೆಲುವು ರದ್ದಾಯಿತು. 1972ರಲ್ಲಿ ಮತ್ತೆ ಗೆದ್ದರು, ಸಿ.ಎಂ. ಆರುಮುಗಂ ಮತ್ತೆ ಕೋರ್ಟಿಗೆ ಹೋದರು. ಈ ಸಲ ಸುಪ್ರೀಂ ಕೋರ್ಟು, ಮನುಷ್ಯ ಹಿಂದೂ ಧರ್ಮಕ್ಕೆ ಮರಳಿ, ಜಾತಿಯವರು ಅವನನ್ನು ಒಪ್ಪಿಕೊಂಡರೆ ಜಾತಿ ಮರಳಿ ಬರುತ್ತದೆ ಅಂತ ಹೇಳಿತು. 2015ರಲ್ಲಿ ಕೇರಳದ ಒಂದು ಮೊಕದ್ದಮೆಯಲ್ಲಿ, ಕ್ರೈಸ್ತರಾಗಿ ಹೋದವರ ಮಕ್ಕಳು ಮೊಮ್ಮಕ್ಕಳು ಮರಳಿ ಬಂದರೂ ಸಿಗುತ್ತದೆ ಅಂತ ಆಯಿತು. ಆ ಮನುಷ್ಯರ ಪಾಲಿಗೆ ನ್ಯಾಯ ಸಿಕ್ಕಿತು, ಸಂತೋಷ. ಆದರೆ ಇದರ ಅರ್ಥ ಏನು? ಜಾತಿ ಎಲ್ಲೂ ಹೋಗಿರಲಿಲ್ಲ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟ ಹಾಗೆ ಅಲ್ಲೇ ಕಾದುಕೊಂಡಿತ್ತು ಅಂತ. ಎರಡು ತಲೆಮಾರು ಕಳೆದು ಬಂದರೂ ಅಳತೆಗೆ ಸರಿಯಾಗಿ ಕಾಲಿಗೆ ಕೂರುತ್ತದೆ. ಹಾಗಿದ್ದ ಮೇಲೆ ಚರ್ಚಿನೊಳಗೆ ಇದ್ದಷ್ಟು ದಿನ ಇವನಿಗೆ ಜಾತಿಯೇ ಇರಲಿಲ್ಲ ಅಂತ ಯಾವ ಬಾಯಲ್ಲಿ ಹೇಳ್ತೀರಿ?

2022ರಲ್ಲಿ ನಮ್ಮ ವಿಧಾನಸೌಧವೂ ಇದೇ ಬಡಗಿ ಕೆಲಸ ಮಾಡಿತು. ಧಾರ್ಮಿಕ ಸ್ವಾತಂತ್ರ್ಯ ಹಕ್ಕಿನ ಸಂರಕ್ಷಣೆ ಅಂತ ಹೆಸರು. ಧರ್ಮ ಬದಲಿಸುವವನು ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ಅಕ್ರಮ ಮತಾಂತರ ಅಂತಾದರೆ ಮಾಮೂಲಿಯಾಗಿ ಮೂರರಿಂದ ಐದು ವರ್ಷ ಜೈಲು. ಮತಾಂತರಗೊಂಡವರು ಹೆಂಗಸರು, ಮಕ್ಕಳು, ಪರಿಶಿಷ್ಟರು ಆಗಿದ್ದರೆ ಹತ್ತು ವರ್ಷದವರೆಗೆ. ಅಂದರೆ ಹೆಂಗಸಿಗೂ ಹೊಲೆಯನಿಗೂ ಸ್ವಂತ ಬುದ್ಧಿ ಇಲ್ಲ ಅಂತ ಶಾಸನಸಭೆಯೇ ತೀರ್ಮಾನ ಕೊಟ್ಟಿತು. ಆದರೆ ತನ್ನ ಹಿಂದಿನ ಧರ್ಮಕ್ಕೆ ಮರಳುವುದು ಮತಾಂತರವೇ ಅಲ್ಲ ಅಂತ ಅದೇ ಕಾಯ್ದೆಯಲ್ಲಿ ಬರೆದರು. ಹೋಗೋ ಬಾಗಿಲಿಗೆ ಬೀಗ, ಬರೋ ಬಾಗಿಲಿಗೆ ತೋರಣ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಇದನ್ನು ಹಿಂತೆಗೆಯಲು ತೀರ್ಮಾನ ಮಾಡಿತು. ಆದರೆ ಆ ಕಾಯ್ದೆ ಹೇಳಿದ ಮಾತು ಊರೂರಿನಲ್ಲಿ ಕಿವಿಗೆ ಬಿದ್ದು ಆಗಿದೆ. ಮನೆಯಲ್ಲಿ ನಾಲ್ಕು ಜನ ಕೂತು ಪ್ರಾರ್ಥನೆ ಮಾಡಿದರೂ ಬಾಗಿಲು ಬಡಿಯಬಹುದು ಅನ್ನೋ ಧೈರ್ಯ ಕೆಲವರಿಗೆ, ಭಯ ಇನ್ನು ಕೆಲವರಿಗೆ ಬಂದಾಗಿದೆ.

ಹೀಗೆ ಹಿಂಡಿದಾಗ ಮನುಷ್ಯ ಏನು ಮಾಡ್ತಾನೆ? ಎರಡು ಹೆಸರು ಇಟ್ಟುಕೊಳ್ತಾನೆ. ಚರ್ಚಿನ ರಿಜಿಸ್ಟರಿನಲ್ಲಿ ಒಂದು, ಶಾಲೆಯ ರಿಜಿಸ್ಟರಿನಲ್ಲಿ ಇನ್ನೊಂದು. ದಲಿತ ಕ್ರೈಸ್ತರ ಕೇರಿಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಮಗು ಮನೆಯಲ್ಲಿ ಮರಿಯ, ಶಾಲೆಯಲ್ಲಿ ಮಾರಕ್ಕ. ಇದನ್ನು ನೋಡಿ ಮೋಸ ಅಂತ ಕೂಗುವವರಿದ್ದಾರೆ. ಪುದುಚೇರಿಯ ಹೆಣ್ಣುಮಗಳೊಬ್ಬಳು ಗುಮಾಸ್ತೆ ಕೆಲಸಕ್ಕೆ ಪರಿಶಿಷ್ಟ ಜಾತಿ ಸರ್ಟಿಫಿಕೇಟು ಕೇಳಿದಾಗ, ಅವಳಿಗೆ ಜ್ಞಾನಸ್ನಾನ ಆಗಿದೆ, ತಪ್ಪದೆ ಚರ್ಚಿಗೆ ಹೋಗ್ತಾಳೆ ಅನ್ನೋದೇ ಅವಳ ವಿರುದ್ಧ ಸಾಕ್ಷಿಯಾಯಿತು. ಹೀಗೆ ಕೇಳುವುದು ಸಂವಿಧಾನಕ್ಕೆ ಮಾಡಿದ ವಂಚನೆ ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೋರ್ಟಿನ ಮುಂದೆ ಇದ್ದ ಕಾನೂನು ಅದೇ ಇರಬಹುದು. ಆದರೆ ಕೇಳ್ತೀನಿ, ಒಂದು ಮಗುವಿಗೆ ದೇವರನ್ನು ಬಿಡು ಇಲ್ಲವೇ ಓದನ್ನು ಬಿಡು ಅಂತ ಹೇಳುವ ಕಾನೂನು ಯಾರಿಗೆ ಮಾಡಿದ ವಂಚನೆ? ಹಳ್ಳಿ ಮೇಷ್ಟರುಗಳೇ, ದಾಖಲಾತಿ ಪುಸ್ತಕದ ಜಾತಿ ಕಾಲಮಿನ ಮುಂದೆ ಪೆನ್ನು ಹಿಡಿದು ಕೂರುವವರು ನೀವು. ಆ ತಾಯಿ ಒಂದು ಗಳಿಗೆ ತಡವರಿಸಿದ್ದನ್ನು ನೋಡಿದವರೂ ನೀವೇ. ಅದು ಕಳ್ಳಿಯ ತಡವರಿಕೆಯಲ್ಲ. ತನ್ನ ನಾಲಿಗೆಯಿಂದಲೇ ತನ್ನ ದೇವರನ್ನು ಇಲ್ಲ ಅನ್ನಬೇಕಾಗಿ ಬಂದವಳ ಸಂಕಟ. ಪೇತ್ರನೂ ಕೋಳಿ ಕೂಗುವ ಮುಂಚೆ ಮೂರು ಸಲ ಹಾಗೇ ಅಂದಿದ್ದ ಅಂತ ಅವರ ಗ್ರಂಥದಲ್ಲೇ ಇದೆ. ಅವನು ಹೇಳಿದ್ದು ಪ್ರಾಣಭಯಕ್ಕೆ. ಇವಳು ಹೇಳುವುದು ಮಗಳ ಹಾಸ್ಟೆಲ್ ಸೀಟಿಗೆ.

ಲೆಕ್ಕ ಹಾಕೋಣ ಅಂದರೂ ಬಿಡುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗ ಮನೆ ಮನೆ ಸಮೀಕ್ಷೆಗೆ ಹೊರಟಾಗ ಪಟ್ಟಿಯಲ್ಲಿ ಮಾದಿಗ ಕ್ರಿಶ್ಚಿಯನ್, ಆದಿ ಕರ್ನಾಟಕ ಕ್ರಿಶ್ಚಿಯನ್ ಮುಂತಾದ ಹೆಸರುಗಳಿದ್ದವು. ಗದ್ದಲ ಎದ್ದಿತು. ಹಿಂದೂಗಳನ್ನು ಒಡೀತಿದಾರೆ ಅಂತ ಕೂಗಾಯಿತು. ಎಷ್ಟೋ ಹೆಸರುಗಳನ್ನು ಪಟ್ಟಿಯಲ್ಲಿ ಕಾಣದ ಹಾಗೆ ಮುಚ್ಚಿದರು. ಕೇರಿಯಲ್ಲಿ ಇರುವ ಮನುಷ್ಯ ಕಾಗದದಲ್ಲಿ ಇರಬಾರದಂತೆ. ಇವರ ಸಂಖ್ಯೆ ಎಷ್ಟು ಅಂತ ಕೇಳಿದರೆ ಅಂಕಿ ಅಂಶ ಇಲ್ಲ ಅಂತಾರೆ, ಎಣಿಸಿ ಅಂದರೆ ದೇಶ ಒಡೆಯುತ್ತೆ ಅಂತಾರೆ.

ಈಗ ಚರ್ಚಿನ ಕಡೆ ತಿರುಗೋಣ. ಸರ್ಕಾರವನ್ನು ಬೈದು ಪಾದ್ರಿಗಳನ್ನು ಬಿಟ್ಟರೆ ಅದು ಬಂಡಾಯವಲ್ಲ, ಹರಕೆ.

ಶಿವಮೊಗ್ಗ ಧರ್ಮಪ್ರಾಂತ್ಯ ಆದದ್ದು 1988ರಲ್ಲಿ. 2007ರಲ್ಲಿ ಕೇರಳದಿಂದ ಮಲೆನಾಡಿಗೆ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರಿಗಾಗಿ ಭದ್ರಾವತಿ ಹೆಸರಿನಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತ್ಯ ಆಯಿತು. ಆರಾಧನೆಯ ಪದ್ಧತಿ ಬೇರೆ, ಭಾಷೆ ಬೇರೆ, ಆದ್ದರಿಂದ ಬಿಷಪ್ಪರೂ ಬೇರೆ. ಒಳ್ಳೆಯದು. ಅವರವರ ಪೂಜೆ ಅವರವರ ಭಾಷೆಯಲ್ಲಿ ನಡೆಯಲಿ. ಪಕ್ಕಪಕ್ಕದ ಎರಡು ಊರಿನ ಹೆಸರಿನಲ್ಲಿ ಇಬ್ಬರು ಬಿಷಪ್ಪರು ಇರುವಷ್ಟು ಚರ್ಚು ಬೆಳೆದಿದೆ. ಆದರೆ ಕೇರಿಯಿಂದ ಬಂದ ಎಷ್ಟು ಹುಡುಗರು ಪಾದ್ರಿಗಳಾಗಿದ್ದಾರೆ, ಎಷ್ಟು ಹೆಣ್ಣುಮಕ್ಕಳು ಕಾನ್ವೆಂಟಿನ ಮುಖ್ಯಸ್ಥರಾಗಿದ್ದಾರೆ, ಚರ್ಚಿನ ಶಾಲೆ ಕಾಲೇಜುಗಳಲ್ಲಿ ಪಾಠ ಹೇಳುವವರು ಎಷ್ಟು, ಕಸ ಗುಡಿಸುವವರು ಎಷ್ಟು? ಈ ಪ್ರಶ್ನೆಗೆ ಉತ್ತರವನ್ನು ಚರ್ಚುಗಳು ತಮ್ಮ ನೋಟೀಸ್ ಬೋರ್ಡಿಗೆ ಅಂಟಿಸಲಿ. ಇಡೀ ಭಾರತದ ಕಥೆ ಇದು. ದಲಿತ ಸಮುದಾಯದಿಂದ ಬಂದ ಮೊದಲ ಕಾರ್ಡಿನಲ್ ಹೈದರಾಬಾದಿನ ಆಂಟನಿ ಪೂಲ. ಅವರಿಗೆ ಕೆಂಪು ಟೋಪಿ ಸಿಕ್ಕಿದ್ದು 2022ರಲ್ಲಿ. ಭಾರತಕ್ಕೆ ಯೇಸುವಿನ ಶಿಷ್ಯ ತೋಮನೇ ಬಂದಿದ್ದ ಅಂತ ಹೆಮ್ಮೆ ಪಡುವ ಚರ್ಚಿಗೆ ಕೇರಿಯ ಮಗನ ತಲೆ ಕಾಣೋಕೆ ಇಷ್ಟು ಕಾಲ ಬೇಕಾಯಿತು.

ಕೆಥೊಲಿಕ್ ಬಿಷಪ್ಪರ ರಾಷ್ಟ್ರೀಯ ಮಂಡಳಿಯೇ 2016ರ ಡಿಸೆಂಬರಿನಲ್ಲಿ ದಲಿತರ ಬಗ್ಗೆ ಒಂದು ನೀತಿ ಹೊರಡಿಸಿ, ಚರ್ಚಿನೊಳಗೆ ಅಸ್ಪೃಶ್ಯತೆ ಇದೆ, ಅದು ಪಾಪ ಅಂತ ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ದೊಡ್ಡದು. ಆದರೆ ಒಪ್ಪಿಕೊಂಡ ಮೇಲೆ ತಿದ್ದಿಕೊಳ್ಳಬೇಕು ಅಂತ ಪಾಪನಿವೇದನೆಯ ಗೂಡಿನಲ್ಲಿ ಬಡವನಿಗೆ ಹೇಳಿಕೊಡುವವರು ಅವರೇ ಅಲ್ಲವೇ? ತಮಿಳುನಾಡಿನಲ್ಲಿ ಹೆಣ ಹೂಳುವ ನೆಲದಲ್ಲಿ ನಡುವೆ ಗೋಡೆ ಕಟ್ಟಿದ ಚರ್ಚುಗಳಿದ್ದವು. ಸತ್ತ ಮೇಲೆ ಎಲ್ಲರೂ ಒಂದೇ ತಂದೆಯ ಮನೆಗೆ ಹೋಗ್ತಾರೆ ಅಂತ ಬೋಧನೆ, ಹೋಗುವ ದಾರಿಯಲ್ಲಿ ಮಾತ್ರ ಗೋಡೆ.

ಇಂಥವರು ತಾಳ್ಮೆಯ ಪಾಠ ಹೇಳುವಾಗ ಯೋಬನ ಕಥೆ ತೆಗೀತಾರೆ. ಮನೆ ಮಠ ಮಕ್ಕಳು ಎಲ್ಲ ಕಳಕೊಂಡು, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತ ಯೋಬ ತಾಳಿಕೊಂಡ, ನೀವೂ ತಾಳಿಕೊಳ್ಳಿ ಅಂತಾರೆ. ಆ ಪುಸ್ತಕವನ್ನು ಪೂರ್ತಿ ಓದಿ ನೋಡಿ. ಯೋಬ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಪುಟಗಟ್ಟಲೆ ಜಗಳ ಆಡಿದ. ನಾನು ಮಾಡಿದ ತಪ್ಪೇನು, ಲೆಕ್ಕ ಕೊಡು ಅಂತ ದೇವರನ್ನೇ ಕಟಕಟೆಗೆ ಕರೆದ. ನಿನ್ನ ಪಾಪಕ್ಕೆ ಇದು ಫಲ, ಸುಮ್ಮನೆ ತಲೆಬಾಗು ಅಂತ ಬುದ್ಧಿ ಹೇಳಿದವರು ಅವನ ಗೆಳೆಯರು. ಕೊನೆಗೆ ದೇವರು ಸಿಟ್ಟಾದದ್ದು ಜಗಳ ಆಡಿದ ಯೋಬನ ಮೇಲಲ್ಲ, ಬುದ್ಧಿ ಹೇಳಿದ ಗೆಳೆಯರ ಮೇಲೆ. ಪೂರ್ವಜನ್ಮದ ಕರ್ಮ ಅಂತ ನಮಗೆ ಹೇಳಿದವರಿಗೂ ಈ ಗೆಳೆಯರಿಗೂ ಏನು ವ್ಯತ್ಯಾಸ?

ಇನ್ನೊಂದು ಕಥೆ ಲೂಕನ ಪುಸ್ತಕದಲ್ಲಿದೆ. ಬೇಸರಪಡದೆ ಪ್ರಾರ್ಥನೆ ಮಾಡೋದು ಹೇಗೆ ಅಂತ ಕಲಿಸೋಕೆ ಯೇಸು ಹೇಳಿದ ಕಥೆ. ಅದರಲ್ಲಿ ಗುಹೆಯಲ್ಲಿ ಕೂತ ಋಷಿ ಇಲ್ಲ. ಒಬ್ಬಳು ವಿಧವೆ, ಒಬ್ಬ ದುಷ್ಟ ನ್ಯಾಯಾಧೀಶ. ನನಗೆ ನ್ಯಾಯ ಕೊಡು ಅಂತ ಅವಳು ದಿನಾ ಹೋಗಿ ಅವನ ತಲೆ ತಿನ್ನುತ್ತಾಳೆ. ದೇವರಿಗೂ ಹೆದರದವನು, ಮನುಷ್ಯರಿಗೂ ನಾಚದವನು ಕೊನೆಗೆ ಇವಳ ಕಾಟ ತಾಳಲಾರದೆ ನ್ಯಾಯ ಕೊಡುತ್ತಾನೆ. ಕೇಳಿದಿರಾ? ಯೇಸು ಪ್ರಾರ್ಥನೆಗೆ ಕೊಟ್ಟ ಮಾದರಿ ತಾಲ್ಲೂಕು ಕಚೇರಿಗೆ ಅಲೆಯುವ ವಿಧವೆ. ಅಲ್ಲಿ ತಾಳಲಾರದೆ ಹೋದವನು ನ್ಯಾಯಾಧೀಶ. ಅವಳ ತಾಳ್ಮೆಯ ಇನ್ನೊಂದು ಹೆಸರು ಹಟ. ಇದನ್ನು ಯಾಕೆ ಯಾವ ಪಾದ್ರಿಯೂ ತಹಶೀಲ್ದಾರರ ಕಚೇರಿ ಮುಂದೆ ನಿಂತು ಬೋಧಿಸುವುದಿಲ್ಲ?

ಅಮೆರಿಕದ ಕರಿಯರು ಬೋಧಿಸಿದರು. ಮಾಂಟ್ಗೊಮೆರಿಯಲ್ಲಿ 1955ರ ಡಿಸೆಂಬರಿನಿಂದ 381 ದಿನ ಬಸ್ಸು ಹತ್ತದೆ ನಡೆದರು. ಸಂಜೆ ಸಭೆ ಸೇರಿದ್ದು ಅವರ ಚರ್ಚುಗಳಲ್ಲೇ. 1963ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಎಂಟು ಜನ ಬಿಳಿಯ ಧರ್ಮಗುರುಗಳು ಬೀದಿಗಿಳಿಯಬೇಡಿ, ಇದು ಸಮಯವಲ್ಲ ಅಂತ ಪತ್ರಿಕೆಯಲ್ಲಿ ಬುದ್ಧಿ ಹೇಳಿದಾಗ, ಮಾರ್ಟಿನ್ ಲೂಥರ್ ಕಿಂಗ್ ಜೈಲಿನೊಳಗಿಂದ ಅವರಿಗೆ ಉತ್ತರ ಬರೆದ. ಆತನೂ ಪಾದ್ರಿಯೇ. ನಮ್ಮ ಬೆಂಗಳೂರಿನಲ್ಲೇ, ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ, 1980ರ ದಶಕದ ಶುರುವಿನಲ್ಲಿ ಅರವಿಂದ ನಿರ್ಮಲ್ ಅನ್ನುವವರು ಚರ್ಚಿನ ದೇವಶಾಸ್ತ್ರ ಮೇಲ್ಜಾತಿಯದಾಗಿದೆ, ದಲಿತರ ದೇವಶಾಸ್ತ್ರ ಬೇಕು ಅಂತ ಮಾತೆತ್ತಿದರು. ಆ ಮಾತು ಈಗ ದೇಶವಿದೇಶದ ಪುಸ್ತಕಗಳಲ್ಲಿದೆ. ಭದ್ರಾವತಿಯ ಬೆಂಚಿನವರೆಗೆ ಇನ್ನೂ ಬರಬೇಕಾಗಿದೆ.

ಕೊನೆಯದಾಗಿ ನಾವು. ದಲಿತ ಸಂಘರ್ಷ ಸಮಿತಿಯ ಬೇರು ಇರುವುದು ಭದ್ರಾವತಿಯಲ್ಲಿ. ಇಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪ 1970ರ ದಶಕದಲ್ಲಿ ಇಲ್ಲಿಂದಲೇ ಅದನ್ನು ರಾಜ್ಯಕ್ಕೆ ಹಬ್ಬಿಸಿದರು. 1986ರಲ್ಲಿ ಇದೇ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯ ವಿರುದ್ಧ ನಿಂತದ್ದು ಸಮಿತಿಯವರೇ. ದೇವರ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳ ಬಟ್ಟೆ ಬಿಚ್ಚಿಸಬೇಡಿ ಅಂತ ಕೇಳಿದ ಚಳವಳಿ ಇದು. ಹಾಗಾದರೆ ದೇವರ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳ ಸರ್ಟಿಫಿಕೇಟು ಕಿತ್ತುಕೊಳ್ಳಬೇಡಿ ಅಂತ ಕೇಳೋಕೆ ನಾವು ಯಾಕೆ ಹಿಂದೆ ಮುಂದೆ ನೋಡ್ತೀವಿ?

ನಿಮ್ಮ ಮನಸ್ಸಿನ ಮಾತು ನನಗೆ ಗೊತ್ತು ಸಂಗಾತಿಗಳೇ. ಇರುವ ರೊಟ್ಟಿಯೇ ಚಿಕ್ಕದು, ಪಾಲು ಕೇಳೋಕೆ ಇವರೂ ಬಂದರೆ ಹೇಗೆ ಅಂತ. ಇದು ಸುಳ್ಳು ಭಯವಲ್ಲ. ಶೇಕಡ 17ರೊಳಗೆ ಒಳಮೀಸಲಾತಿಗಾಗಿ ಮಾದಿಗರು ಮೂರು ದಶಕ ಬೀದಿಯಲ್ಲಿ ಕೂತರು. ಸದಾಶಿವ ಆಯೋಗದ ವರದಿ ಬಂದು ಧೂಳು ಹಿಡಿಯಿತು. 2025ರ ಆಗಸ್ಟಿನಲ್ಲಿ ನಾಗಮೋಹನ ದಾಸ್ ವರದಿ ಬಂದ ಮೇಲೆ ಸಂಪುಟ ಆರು, ಆರು, ಐದು ಅಂತ ಹಂಚಿತು. ಅಲೆಮಾರಿಗಳು ತಮಗೆ ಅನ್ಯಾಯ ಆಯಿತು ಅಂತ ಇನ್ನೂ ಗೋಳಾಡಬೇಕಾಯಿತು. ಇಂಥ ರೊಟ್ಟಿಯಲ್ಲಿ ಚೂರು ಮುರಿದು ಕೊಡಿ ಅಂತ ನಾನು ಕೇಳ್ತಿಲ್ಲ. ಸೇರಿಸುವಾಗ ರೊಟ್ಟಿಯನ್ನೂ ದೊಡ್ಡದು ಮಾಡಿ ಅಂತ ಒಟ್ಟಿಗೆ ಕೇಳೋಣ ಅಂತಿದೀನಿ. ರೊಟ್ಟಿ ಚಿಕ್ಕದು ಮಾಡಿದವರು ಮೇಲೆ ಕೂತು ನೋಡ್ತಿದಾರೆ. ಕೆಳಗೆ ನಾವು ಅಣ್ಣ ತಮ್ಮ ಒಬ್ಬರ ತಟ್ಟೆ ಒಬ್ಬರು ಕಾಯ್ತಾ ಕೂತಿದೀವಿ.

ಇನ್ನು ಕೆಲವರು, ಬಾಬಾಸಾಹೇಬರೇ ಕ್ರೈಸ್ತರಾದವರನ್ನು ಟೀಕಿಸಿದ್ದಾರಲ್ಲ ಅಂತ ಹೇಳಬಹುದು. ಹೌದು, ಟೀಕಿಸಿದ್ದಾರೆ. ಮತಾಂತರವಾದವನ ಸ್ಥಿತಿಗತಿಯ ಬಗ್ಗೆಯೇ ಪ್ರತ್ಯೇಕವಾಗಿ ಬರೆದಿದ್ದಾರೆ. ಚರ್ಚು ಜಾತಿಯನ್ನು ಒಳಗೆ ಬಿಟ್ಟುಕೊಂಡಿತು, ಮತಾಂತರವಾದವರು ತಮ್ಮ ಹಕ್ಕಿನ ಹೋರಾಟಕ್ಕೆ ಇಳಿಯಲಿಲ್ಲ ಅನ್ನೋದು ಅವರ ದೂರು. ಆ ದೂರು ಇವತ್ತಿಗೂ ನಿಜ. ಆದರೆ ಅದರಿಂದ ಹುಟ್ಟಬೇಕಾದ ತೀರ್ಮಾನ ಇವರನ್ನು ಹೊರಗಿಡೋದಲ್ಲ, ಹೋರಾಟಕ್ಕೆ ಕರೆಯೋದು. ಧರ್ಮ ಬದಲಿಸುವುದು ಮನುಷ್ಯನ ಸ್ವಾಭಿಮಾನದ ಹಕ್ಕು ಅಂತ ಬದುಕಿ ತೋರಿಸಿದವರೂ ಅದೇ ಬಾಬಾಸಾಹೇಬರು. ಅವರು ಹೋದ ದಾರಿಗೆ ಹೋದವನು ಮಾತ್ರ ದಲಿತ, ಬೇರೆ ದಾರಿ ಹಿಡಿದವನು ಅಲ್ಲ ಅಂತ ಹೇಳಿದರೆ ನಾವೂ ಒಂದು ಮಠ ಕಟ್ಟಿದ ಹಾಗೆ.

ಇವತ್ತು ಭದ್ರಾವತಿಯ ಸ್ಥಿತಿ ನೋಡಿ. ಕಾಗದದ ಕಾರ್ಖಾನೆಯ ಯಂತ್ರ ನಿಂತು ದಶಕವಾಯಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಗುತ್ತಿಗೆ ಕಾರ್ಮಿಕರು ಬಿಸಿಲು ಮಳೆ ಅನ್ನದೆ ಧರಣಿ ಕೂತರು, ಅದೇ ವರ್ಷ ಒಂದು ಘಟಕ ಮತ್ತೆ ಉಸಿರಾಡಿತು. ಆ ಧರಣಿಯಲ್ಲಿ ಕೂತವರ ಹೊಟ್ಟೆಗೆ ಧರ್ಮ ಇರಲಿಲ್ಲ. ಖಾಯಂ ನೌಕರಿಯ ಕಾಲ ಮುಗಿದಾಗ ಬಡವನ ಮಗಳಿಗೆ ಉಳಿಯುವುದು ಒಂದೇ, ಓದು. ಆ ಓದಿನ ಬಾಗಿಲಿನಲ್ಲಿ ಮೂರನೇ ಕಲಮು ಕೂತಿದೆ.

ಅದನ್ನು ಕಿತ್ತು ಹಾಕಿ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತು. 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹಾಕಿದ ಅರ್ಜಿ ಎರಡು ದಶಕ ದಾಟಿತು. 2022ರ ಅಕ್ಟೋಬರಿನಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದು ಮಾಡಿದರು, ಎರಡು ವರ್ಷ ಅಂತ ಹೇಳಿ ಮತ್ತೆ ಅವಧಿ ಬೆಳೆಸಿದರು. ಆಯೋಗ ಅಂದರೆ ಸರ್ಕಾರದ ಭಾಷೆಯಲ್ಲಿ ತಾಳಿಕೊಳ್ಳಿ ಅಂತ ಅರ್ಥ.

ಇನ್ನು ತಾಳೋದು ಬೇಡ. ಮೇಷ್ಟರುಗಳು ತಮ್ಮ ಶಾಲೆಯ ಎರಡು ಹೆಸರಿನ ಮಕ್ಕಳ ಗುಟ್ಟನ್ನು ಕಾಪಾಡಲಿ, ಆ ತಾಯಂದಿರಿಗೆ ಪ್ರವರ್ಗ ಒಂದರ ಅರ್ಜಿಯನ್ನಾದರೂ ತುಂಬಿ ಕೊಡಲಿ. ವಿದ್ಯಾರ್ಥಿಗಳು ತಮ್ಮ ಹಾಸ್ಟೆಲಿನ ಮೀಟಿಂಗಿನಲ್ಲಿ ಈ ಮಾತು ಎತ್ತಲಿ. ಸಮಿತಿಯವರು ಆಗಸ್ಟ್ ಹತ್ತರಂದು ದಲಿತ ಕ್ರೈಸ್ತರು ಕಪ್ಪು ದಿನ ಆಚರಿಸುವಾಗ ನೀಲಿ ಬಾವುಟ ಹಿಡಿದು ಹೋಗಿ ಪಕ್ಕದಲ್ಲಿ ನಿಲ್ಲಲಿ. ಬಿಷಪ್ಪರು ಮೊದಲು ತಮ್ಮ ಮನೆಯ ಲೆಕ್ಕ ಜನರ ಮುಂದೆ ಇಟ್ಟು, ಆಮೇಲೆ ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂರಲಿ.

ದಲಿತ ಕ್ರೈಸ್ತ ಬಂಧುಗಳಿಗೂ ಒಂದು ಮಾತು. ನಿಮ್ಮ ದೇವರನ್ನು ನೀವು ಬಿಡಬೇಕಾಗಿಲ್ಲ. ಎಪ್ಪತ್ತೈದು ವರ್ಷ ಬಿಡದೆ ಹಿಡಿದುಕೊಂಡಿರಿ, ಅದು ಸಣ್ಣ ಗಟ್ಟಿತನವಲ್ಲ. ಆದರೆ ಮೊಣಕಾಲೂರಿ ಹಿಡಿದುಕೊಂಡದ್ದು ಸಾಕು. ಆ ವಿಧವೆಯ ಹಾಗೆ ಎದ್ದು ಹೋಗಿ ಕದ ಬಡೀರಿ. ಒಳಗಿರುವವನಿಗೆ ತಾಳೋಕೆ ಆಗಬಾರದು, ಹಾಗೆ ಬಡೀರಿ. ಪಕ್ಕದಲ್ಲಿ ನಮ್ಮ ಕೈಯೂ ಇರಲಿ.